ಹಳೆ ಜೀಪಿಗೆ ಯಾವ ಮೀಟರು: ವಯರಿನದೋ, ಪೈಪಿನದೋ?

ಹಳೆ ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಆಯಿಲ್ ಮೀಟರು ಸತ್ತು ವರ್ಷವಾಗಿರುತ್ತದೆ. ಹೀಟ್ ಮೀಟರಿನ ಮುಳ್ಳು ಎಲ್ಲೋ ಒಂದು ಕಡೆ ಅಂಟಿಕೊಂಡು ಕೂತಿರುತ್ತದೆ. ಹೊಸದು ಹಾಕಿಸಬೇಕು. ಎಲೆಕ್ಟ್ರಿಕ್ ಹಾಕಿಸೋಣವೋ, ಮೆಕ್ಯಾನಿಕಲ್ ಹಾಕಿಸೋಣವೋ? ಅಂಗಡಿಯವರನ್ನು ಕೇಳಿದರೆ ತಮ್ಮ ಹತ್ತಿರ ಯಾವುದಿದೆಯೋ ಅದೇ ಒಳ್ಳೆಯದು ಅನ್ನುತ್ತಾರೆ. ಎಲೆಕ್ಟ್ರಿಷಿಯನ್ ವಯರಿನದು ಅನ್ನುತ್ತಾನೆ, ಮಿಸ್ತ್ರಿ ಪೈಪಿನದು ಅನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಪಾನಾ, ಪಕ್ಕಡ್ ನೋಡಿಕೊಂಡು ಮಾತಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ ಬಿಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ನಮ್ಮ ಚಿಂತಾಕಿ, ಸಂತಪುರ, ಔರಾದ್ ಕಡೆ ಓಡುವ ಹಳೆ ಡೀಸೆಲ್ ಗಾಡಿಗೆ ಆಯಿಲ್ ಪ್ರೆಶರ್ ತೋರಿಸಲಿಕ್ಕೆ ಪೈಪಿನ ಮೀಟರೇ ಇರಬೇಕು. ಅದರಲ್ಲಿ ಎರಡು ಮಾತಿಲ್ಲ. ಹೀಟಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ, ನನಗೆ ಕೇಳಿದರೆ ಅಲ್ಲಿ ವಯರಿನದೇ ವಾಸಿ, ಆದರೆ ಅದಕ್ಕೆ ಒಂದು ಷರತ್ತಿದೆ. ಆಂಪಿಯರ್ ಮೀಟರನ್ನು ತೆಗೆದುಹಾಕಿ ಅಂತಲೂ ಹೇಳುತ್ತೇನೆ. ಇದಕ್ಕೆ ಹಿರಿಯ ಡ್ರೈವರುಗಳು ನನ್ನ ಮೇಲೆ ಸಿಟ್ಟಾಗುತ್ತಾರೆ ಅಂತ ಗೊತ್ತು :)

ಎರಡು ಇಂಚಿನ ಒಂದು ಡಬ್ಬಿಯ ಬಗ್ಗೆ ಇಷ್ಟೊಂದು ಯಾಕೆ ಅಂತ ಬೆಂಗಳೂರಿನ ಓದುಗರು ಕೇಳಬಹುದು. ಅವರಿಗೆ ಗಾಡಿ ಕೆಟ್ಟರೆ ಫೋನ್ ಮಾಡಿದರೆ ಯಾರೋ ಬಂದು ಎಳೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ಹಳೆ ಜೀಪು ಅಂದರೆ ಶೋಕಿ ಅಲ್ಲ. ಬೆಳಿಗ್ಗೆ ಲೈನ್ ಹೊಡೆಯುತ್ತದೆ, ಮಧ್ಯಾಹ್ನ ತೊಗರಿ ಚೀಲ ಹೊರುತ್ತದೆ, ಮದುವೆ ದಿಬ್ಬಣ ಒಯ್ಯುತ್ತದೆ, ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಅದೇ ಆಂಬುಲೆನ್ಸು. ಔರಾದ್ ತಾಲೂಕಿನಿಂದ ಬೀದರಿಗೆ ಹೋಗಬೇಕೆಂದರೆ ಮಾಂಜ್ರಾ ದಾಟಬೇಕು. ಕೌಠಾ ಸೇತುವೆ ದಾಟಿ ಜನವಾಡ ಮುಟ್ಟುವ ಮೊದಲು ರಾತ್ರಿ ಒಂದು ಗಂಟೆಗೆ ಇಂಜಿನ್ ಜಾಮ್ ಆದರೆ ಒಳಗೆ ಮಲಗಿರುವ ಬಾಣಂತಿಗೆ ಏನು ಹೇಳುತ್ತೀರಿ? ಮೀಟರು ಬೇಕಾಗಿರುವುದು ಅದಕ್ಕೆ. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಇರುತ್ತದೆ, ಅದು ತಾನೇ ನೋಡಿಕೊಂಡು ದೀಪ ಹಚ್ಚುತ್ತದೆ, ಇಂಜಿನ್ ಶಕ್ತಿ ತಾನೇ ತಗ್ಗಿಸುತ್ತದೆ. ಹಳೆ ಗಾಡಿಯಲ್ಲಿ ಆ ಕಂಪ್ಯೂಟರ್ ಅಂದರೆ ಡ್ರೈವರ್. ಅವನಿಗೆ ಕಣ್ಣು ಬೇಕಲ್ಲ.

ಪೈಪಿನ ಮೀಟರು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕೆಂದರೆ ಜಾತ್ರೆಯಲ್ಲಿ ಸಿಗುವ ಕಾಗದದ ಪೀಪಿ ನೆನಪು ಮಾಡಿಕೊಳ್ಳಿ. ಸುರುಳಿ ಸುತ್ತಿಕೊಂಡಿರುತ್ತದೆ, ಊದಿದರೆ ಸರಕ್ಕನೆ ಬಿಚ್ಚಿಕೊಂಡು ಮುಂದಿರುವವನ ಮೂಗಿಗೆ ತಾಗುತ್ತದೆ. ಮೀಟರಿನ ಒಳಗೂ ಅಂಥದ್ದೇ, ಹಿತ್ತಾಳೆಯದ್ದು. ಚಪ್ಪಟೆ ಮಾಡಿ ಅರ್ಧಚಂದ್ರದ ಹಾಗೆ ಬಗ್ಗಿಸಿದ ಕೊಳವೆ. ಇಂಜಿನ್ನಿನ ಆಯಿಲು ಸಣ್ಣ ಪೈಪಿನಲ್ಲಿ ಬಂದು ಅದರೊಳಗೆ ಒತ್ತಿದಾಗ ಕೊಳವೆ ಕೂದಲೆಳೆಯಷ್ಟು ನೆಟ್ಟಗಾಗುತ್ತದೆ, ಅದರ ತುದಿಗೆ ಕಟ್ಟಿದ ಹಲ್ಲುಚಕ್ರ ಮುಳ್ಳನ್ನು ತಿರುಗಿಸುತ್ತದೆ. ಅಷ್ಟೇ ವಿದ್ಯೆ. 1849ರಲ್ಲಿ ಯೂಜೀನ್ ಬೋರ್ಡೋನ್ ಅನ್ನುವ ಫ್ರಾನ್ಸಿನವನು ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಆಗ ಇದು ಉಗಿಯಂತ್ರಗಳಿಗೆ. ಇವತ್ತಿಗೂ ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲೆ, ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನ ಕುತ್ತಿಗೆಯಲ್ಲಿ ಇರುವ ಗುಂಡು ಮೀಟರು ಸಾಮಾನ್ಯವಾಗಿ ಇದೇ ಜಾತಿಯದು. ಕರೆಂಟ್ ಇಲ್ಲ, ಬ್ಯಾಟರಿ ಇಲ್ಲ, ಅರ್ತ್ ಇಲ್ಲ.

ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಆಯಿಲು ಮತ್ತು ಹೀಟು ಎರಡೂ ಹೀಗೆ ಪೈಪಿನ ಮೀಟರುಗಳೇ. ಡೀಸೆಲ್/ಪೆಟ್ರೋಲ್ ಮಟ್ಟ ತೋರಿಸುವುದು ಮಾತ್ರ ವಯರಿನದು. ಆ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದಲೇ ಮಹೀಂದ್ರದವರು ಗಾಡಿ ಧಂದೆಗೆ ಇಳಿದದ್ದು. ಟ್ರ್ಯಾಕ್ಟರಿನಲ್ಲೂ ಅಷ್ಟೆ. ಹಳೆ ಮ್ಯಾಸಿ ಫರ್ಗ್ಯೂಸನ್ 35ರ ಹೀಟ್ ಮೀಟರಿನ ಹಿಂದೆ ಉದ್ದನೆಯ ತಾಮ್ರದ ಕಡ್ಡಿಯಂಥದ್ದು ಹೋಗಿ ಇಂಜಿನ್ನಿನ ಹೆಡ್ಡಿಗೆ ಸೇರುತ್ತದೆ, ನೋಡಿರುತ್ತೀರಿ. ಅದು ವಯರಲ್ಲ, ಒಳಗೆ ಟೊಳ್ಳು. ಯುದ್ಧಕ್ಕೂ ಹೊಲಕ್ಕೂ ಗಾಡಿ ಮಾಡಿದವರು ಇಬ್ಬರೂ ಒಂದೇ ದಾರಿ ಹಿಡಿದಿದ್ದಾರೆಂದರೆ ಸುಮ್ಮನೆ ಅಲ್ಲ. ಹಳೆ ಲಾರಿಗಳಲ್ಲಿ ಗಾಳಿ ಬ್ರೇಕಿನ ಮೀಟರಿಗೂ ನೇರ ಪೈಪೇ ಇತ್ತು.

ಇನ್ನು ವಯರಿನ ಮೀಟರು. ಇಲ್ಲಿ ಇಂಜಿನ್ನಿನ ಹತ್ತಿರ ಒಂದು ಸೆನ್ಸರ್ ಇರುತ್ತದೆ (ನಮ್ಮ ಕಡೆ ಬಲ್ಬು ಅನ್ನುವವರೂ ಇದ್ದಾರೆ). ಪ್ರೆಶರ್ ಅಥವಾ ಬಿಸಿ ಬದಲಾದ ಹಾಗೆ ಅದರಲ್ಲಿ ಹರಿಯುವ ಕರೆಂಟ್ ಬದಲಾಗುತ್ತದೆ. ಆ ಕರೆಂಟು ಮೀಟರಿನ ಮುಳ್ಳನ್ನು ಎಳೆಯುತ್ತದೆ. ಅಂದರೆ ಡ್ಯಾಶ್‌ಬೋರ್ಡಿನಲ್ಲಿ ನೀವು ನೋಡುತ್ತಿರುವುದು ಆಯಿಲಿನ ಒತ್ತಡವನ್ನಲ್ಲ, ಒಂದು ವಯರಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಅನ್ನುವುದನ್ನು. ಆ ಕರೆಂಟು ಕಡಿಮೆಯಾಗಲಿಕ್ಕೆ ಆಯಿಲೇ ಕಾರಣ ಆಗಬೇಕು ಅಂತೇನಿಲ್ಲ. ಅರ್ತ್ ಸಡಿಲಾದರೂ ಸಾಕು. ಮೂವತ್ತು ವರ್ಷದ ಜೀಪಿನ ಬಾಡಿಯಲ್ಲಿ ಅರ್ತ್ ಅನ್ನುವುದು ದೇವರ ಇಚ್ಛೆ. ತುಕ್ಕು, ಬಣ್ಣದ ಮೇಲೆ ಬಣ್ಣ, ಕೆಂಪು ಮಣ್ಣಿನ ಧೂಳು, ಮೇಲೆ ಮಳೆಗಾಲದ ಕಪ್ಪು ಕೆಸರು. ಸೆನ್ಸರ್ ಕೂಡಿಸುವಾಗ ಲೀಕ್ ಆಗದಿರಲಿ ಅಂತ ನಳದ ಬಿಳಿ ಟೇಪು ದಪ್ಪಗೆ ಸುತ್ತಿಬಿಡುತ್ತಾರೆ. ಎಷ್ಟೋ ಸೆನ್ಸರುಗಳಿಗೆ ಆ ಚೂಡಿಯ ಮುಖಾಂತರವೇ ಅರ್ತ್ ಸಿಗಬೇಕು. ಟೇಪು ಅದನ್ನೇ ತಡೆದರೆ ಹೊಸ ಮೀಟರು ಮೊದಲ ದಿನದಿಂದಲೇ ಸುಳ್ಳು ಹೇಳುತ್ತದೆ.

ಇನ್ನೊಂದು ವಿಚಿತ್ರ ಇದೆ. ಹಳೆ ಕಾಲದ ವಯರಿನ ಮೀಟರುಗಳಲ್ಲಿ ಎರಡು ಲೋಹ ಬೆಸೆದ ಪಟ್ಟಿಗೆ ತಂತಿ ಸುತ್ತಿ, ಅದು ಕಾದು ಬಗ್ಗಿದಾಗ ಮುಳ್ಳು ಏಳುವ ಹಾಗೆ ಮಾಡಿರುತ್ತಾರೆ. ಇಂಥವಕ್ಕೆ ಬ್ಯಾಟರಿಯ ಏರಿಳಿತ ತಾಗಬಾರದು ಅಂತ ಹಿಂದೆ ಒಂದು ಸಣ್ಣ ಸ್ಟೆಬಿಲೈಸರ್ ಇರುತ್ತದೆ, ಹೀಟಿಗೂ ಡೀಸೆಲ್ ಮೀಟರಿಗೂ ಸೇರಿ ಒಂದೇ. ಅದು ಅಂಟಿಕೊಂಡರೆ ಎರಡೂ ಮುಳ್ಳು ಒಟ್ಟಿಗೆ ಮೇಲೆ ಹೋಗುತ್ತವೆ. ಟ್ಯಾಂಕ್ ಫುಲ್, ಇಂಜಿನ್ ಕಾದ ಕಬ್ಬಿಣ. ಹೀಗೆ ಎರಡೂ ಜೋಡಿಯಾಗಿ ಹುಚ್ಚಾಟ ಆಡಿದರೆ ರೇಡಿಯೇಟರ್ ಬಿಚ್ಚಬೇಡಿ, ಮೊದಲು ಸ್ಟೆಬಿಲೈಸರ್ ಮತ್ತು ಮೀಟರಿನ ಅರ್ತ್ ನೋಡಿ. ಬೇಡದ ರಿಪೇರಿಯ ದುಡ್ಡು ಉಳಿಯುತ್ತದೆ.

ಆದರೆ ನನ್ನ ತಕರಾರು ವಯರಿನದು ಬೇಗ ಕೆಡುತ್ತದೆ ಅನ್ನುವುದಲ್ಲ. ಪೈಪಿನದೂ ಕೆಡುತ್ತದೆ. ಇಲಿಗೆ ಈ ವಿಷಯದಲ್ಲಿ ಯಾವ ಪಕ್ಷವೂ ಇಲ್ಲ, ವಯರೂ ಕಡಿಯುತ್ತದೆ, ನೈಲಾನ್ ಪೈಪೂ ಕಡಿಯುತ್ತದೆ. ಪ್ರಶ್ನೆ ಇರುವುದು ಕೆಟ್ಟಾಗ ಅದು ಏನು ಹೇಳುತ್ತದೆ ಅನ್ನುವುದರಲ್ಲಿ.

ಆಯಿಲ್ ಸೆನ್ಸರಿನ ವಯರು ಕಿತ್ತುಹೋಯಿತು ಅಂದುಕೊಳ್ಳಿ. ಕೆಲವು ಮೀಟರುಗಳಲ್ಲಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಇನ್ನು ಕೆಲವು ಇವೆ, ಅವುಗಳ ಸೆನ್ಸರು ಸೊನ್ನೆ ಪ್ರೆಶರಿನಲ್ಲಿ ಸುಮಾರು 10 ಓಮ್, ಫುಲ್ ಪ್ರೆಶರಿನಲ್ಲಿ ಸುಮಾರು 180 ಓಮ್ ತೋರಿಸುವಂಥವು. ಅವುಗಳಲ್ಲಿ ವಯರು ಕಿತ್ತರೆ ಮುಳ್ಳು ಹೋಗಿ ಫುಲ್ಲಿಗೆ ಬಡಿಯುತ್ತದೆ! ಅಂದರೆ ಚೇಂಬರಿನಲ್ಲಿ ಒಂದು ಹನಿ ಆಯಿಲ್ ಇಲ್ಲದಿದ್ದರೂ ಮೀಟರು ಭರ್ಜರಿ ಪ್ರೆಶರ್ ಇದೆ ಅನ್ನುತ್ತದೆ. ಕೆಟ್ಟ ಮೀಟರಿಗಿಂತ ಇಂಥ ಹಸನ್ಮುಖಿ ಮೀಟರು ದೊಡ್ಡ ಶತ್ರು.

ಸೊನ್ನೆಗೆ ಬೀಳುವುದಾದರೂ ಒಳ್ಳೆಯದಲ್ಲವೇ ಅನ್ನುತ್ತೀರಾ? ನಮ್ಮ ಕಾಕಾನ ಜೀಪಿನ ಕತೆ ಕೇಳಿ. ಅದಕ್ಕೆ ವಯರಿನ ಆಯಿಲ್ ಮೀಟರಿತ್ತು. ಗುಂಡಿಯಲ್ಲಿ ಇಳಿದಾಗ ಮುಳ್ಳು ಸೊನ್ನೆಗೆ ಬೀಳುವುದು, ಮುಂದೆ ಹೋದ ಮೇಲೆ ಏಳುವುದು. ಮೊದಮೊದಲು ಡ್ರೈವರು ಗಾಬರಿಯಾಗಿ ನಿಲ್ಲಿಸಿ ಡಿಪ್ ಕಡ್ಡಿ ಎಳೆದು ನೋಡುತ್ತಿದ್ದ. ಆಯಿಲ್ ಸರಿ ಇರುತ್ತಿತ್ತು. ಹತ್ತು ಸಲ ಹೀಗಾದ ಮೇಲೆ ಯಾರು ನಿಲ್ಲಿಸುತ್ತಾರೆ? "ಅದು ಹಂಗೇ ಅದಾ ಕಾಕಾ, ವಯರ್ ಲೂಜ್ ಆಗ್ಯಾದ" ಅನ್ನುತ್ತಿದ್ದ. ಕಾಕಾನೂ ಹೂಂ ಅನ್ನುತ್ತಿದ್ದರು. ಒಂದು ಬೇಸಿಗೆ ಡ್ರೇನ್ ನಟ್ಟು ಸಡಿಲಾಗಿ ದಾರಿಯುದ್ದಕ್ಕೂ ಆಯಿಲ್ ಸುರಿದುಹೋಯಿತು. ಮುಳ್ಳು ಸೊನ್ನೆಗೆ ಬಿತ್ತು. ಈ ಸಲ ಅದು ನಿಜ ಹೇಳಿತ್ತು. ಆದರೆ ಅದರ ಮಾತು ನಂಬುವವರು ಗಾಡಿಯಲ್ಲಿ ಯಾರೂ ಇರಲಿಲ್ಲ. ಬೇರಿಂಗ್ ಹೋಯಿತು, ಕ್ರ್ಯಾಂಕ್ ಹೋಯಿತು, ಆ ವರ್ಷದ ತೊಗರಿಯ ದುಡ್ಡು ಪೂರ್ತಿ ಇಂಜಿನ್ ಕೆಲಸಕ್ಕೆ ಹೋಯಿತು. ಲೈನ್ ತಪ್ಪಿದ್ದು ಬೇರೆ.

ಪೈಪಿನ ಮೀಟರು ಹೀಗೆ ಮಾಡುವುದು ಅಪರೂಪ. ಪೈಪು ಒಡೆದರೆ ಮುಳ್ಳೂ ಬೀಳುತ್ತದೆ, ಕಾಲ ಮೇಲೆ ಆಯಿಲೂ ಬೀಳುತ್ತದೆ. ಅನುಮಾನಕ್ಕೆ ಜಾಗವಿಲ್ಲ. ಒಳಗಿನ ಕೊಳವೆ ಸೋತಿದ್ದರೆ ಗಾಡಿ ಬಂದ್ ಇದ್ದಾಗಲೂ ಮುಳ್ಳು ಸೊನ್ನೆಗೆ ಮರಳುವುದಿಲ್ಲ, ನಿಂತ ಗಾಡಿಯಲ್ಲೇ ಗೊತ್ತಾಗುತ್ತದೆ. ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಮುಳ್ಳು ನಿಧಾನ ಏಳುತ್ತದೆ. ಉಳಿದಂತೆ ಗುಂಡಿ ಬಂತು ಅಂತ, ಹಾರ್ನ್ ಹೊಡೆದೆ ಅಂತ, ಹೆಡ್‌ಲೈಟ್ ಹಚ್ಚಿದೆ ಅಂತ ಅದು ತನ್ನ ಮಾತು ಬದಲಿಸುವುದಿಲ್ಲ.

ಡೀಸೆಲ್ ಗಾಡಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆ ಡೀಸೆಲ್ ಇಂಜಿನ್ನಿಗೆ ಒಮ್ಮೆ ಶುರುವಾದ ಮೇಲೆ ಕರೆಂಟಿನ ಹಂಗೇ ಇಲ್ಲ. ಪಂಪು ಡೀಸೆಲ್ ಒತ್ತುತ್ತದೆ, ಒತ್ತಡದ ಬಿಸಿಗೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಬಹಳಷ್ಟು ಗಾಡಿಗಳಲ್ಲಿ ಬಂದ್ ಮಾಡಲಿಕ್ಕೂ ಕೀಲಿ ಬೇಡ, ವಯರ್ ಎಳೆದು ಬಂದ್ ಮಾಡುವುದು. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಶುರು ಮಾಡಿ ಬೀದರಿನವರೆಗೂ ಬಂದವರು ನಮ್ಮಲ್ಲಿ ಎಷ್ಟೋ ಜನ. ಅಂಥ ಇಂಜಿನ್ನಿನ ಆರೋಗ್ಯ ತೋರಿಸುವ ಮೀಟರು ಬ್ಯಾಟರಿಗೆ ಜೋತುಬಿದ್ದಿರುವುದು ಯಾವ ನ್ಯಾಯ?

ಎಲ್ಲಕ್ಕಿಂತ ಮುಖ್ಯ ಅಂಕಿ. ಒಳ್ಳೆ ಪೈಪಿನ ಮೀಟರಿನಲ್ಲಿ ಕೆಜಿ ಲೆಕ್ಕ ಅಥವಾ ಪೌಂಡ್ ಲೆಕ್ಕ ಬರೆದಿರುತ್ತದೆ (1 ಕೆಜಿ ಅಂದರೆ ಸುಮಾರು 14 ಪೌಂಡ್). ಕಂಪನಿ ಕೂಡಿಸಿ ಕೊಟ್ಟ ಎಷ್ಟೋ ವಯರಿನ ಮೀಟರುಗಳಲ್ಲಿ ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ ಅಂತ ಎರಡು ಗೆರೆ, ಅಷ್ಟೆ. ಹೊಸ ಇಂಜಿನ್ನಿಗೆ ಅದು ಸಾಕು. ಹಳೆ ಇಂಜಿನ್ ಅಂದರೆ ಸಕ್ಕರೆ ಕಾಯಿಲೆಯವರಿದ್ದ ಹಾಗೆ. ಇವತ್ತು ಎಷ್ಟಿದೆ, ಹೋದ ವರ್ಷ ಎಷ್ಟಿತ್ತು ಅಂತ ನೋಡುತ್ತಲೇ ಇರಬೇಕು. ಗಾಡಿ ಚೆನ್ನಾಗಿ ಕಾದ ಮೇಲೆ, ನಿಂತಲ್ಲೇ ಓಡುವಾಗ ಎಷ್ಟು ತೋರಿಸುತ್ತದೆ ಅಂತ ತಿಂಗಳಿಗೊಮ್ಮೆ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಸಾವಿರ ಸುತ್ತಿಗೆ ಹತ್ತು ಪೌಂಡು ಅನ್ನುವುದು ಹಳೆ ಮಿಸ್ತ್ರಿಗಳ ಒರಟು ಲೆಕ್ಕ. ಹೋದ ದೀಪಾವಳಿಗೆ 20 ಪೌಂಡ್ ಇದ್ದದ್ದು ಈ ದೀಪಾವಳಿಗೆ 12ಕ್ಕೆ ಬಂದಿದ್ದರೆ ಬೇರಿಂಗ್ ಸವೆದಿದೆ ಅಂತ ಇಂಜಿನ್ನೇ ಕಾಗದ ಬರೆದು ಹೇಳಿದ ಹಾಗೆ. ಬೇರಿಂಗ್ ಶೆಲ್ ಬದಲಿಸುವ ಖರ್ಚಿಗೂ ಕ್ರ್ಯಾಂಕ್ ಹೋದ ಮೇಲೆ ಆಗುವ ಖರ್ಚಿಗೂ ಅಜಗಜಾಂತರ. ಕೆಂಪು ದೀಪ ಇದೆಯಲ್ಲ ಅನ್ನಬೇಡಿ. ಆ ದೀಪದ ಸ್ವಿಚ್ಚು ಸಾಮಾನ್ಯವಾಗಿ ಐದಾರು ಪೌಂಡಿಗೆ ಇಳಿದ ಮೇಲೆ ಹೊತ್ತಿಕೊಳ್ಳುತ್ತದೆ. ಅದು ಎಚ್ಚರಿಕೆ ಅಲ್ಲ, ಸುದ್ದಿ ತಿಳಿಸುವುದು.

ಇನ್ನು ಆ ಕಡೆಯವರ ವಾದ. "ಕುದಿಯುವ ಆಯಿಲನ್ನು ಡ್ಯಾಶ್‌ಬೋರ್ಡಿನ ತನಕ ತಂದು ಕೂಡಿಸುತ್ತೀರಲ್ಲ, ಪೈಪ್ ಒಡೆದರೆ ಡ್ರೈವರಿನ ಕಾಲು ಸುಡುವುದಿಲ್ಲವೇ?" ನ್ಯಾಯವಾದ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಪೈಪಿನ ಮೀಟರು ಹಾಕಿಸಲೇಬಾರದು. ಆದರೆ ಪೈಪು ಒಡೆಯುವುದು ಅದರ ಸ್ವಭಾವದಿಂದಲ್ಲ, ಹಾಕಿದವನ ಆತುರದಿಂದ. ಇಂಜಿನ್ ಅದುರುತ್ತದೆ, ಬಾಡಿ ಬೇರೆ ಥರ ಅದುರುತ್ತದೆ. ಎರಡರ ನಡುವೆ ತಾಮ್ರದ ಪೈಪನ್ನು ಬಿಗಿಯಾಗಿ ನೆಟ್ಟಗೆ ಎಳೆದರೆ ತಾಮ್ರ ದಿನೇ ದಿನೇ ಗಡುಸಾಗಿ ಒಂದು ದಿನ ಚಟ್ಟನೆ ಸೀಳುತ್ತದೆ. ಇಂಜಿನ್ನಿನ ಹತ್ತಿರ ಪೈಪನ್ನು ಎರಡು ಮೂರು ಸುತ್ತು ಸ್ಪ್ರಿಂಗಿನ ಹಾಗೆ ಸುತ್ತಿ ಬಿಡಬೇಕು. ಅದುರುವಿಕೆಯನ್ನೆಲ್ಲ ಆ ಸುತ್ತು ನುಂಗಿಕೊಳ್ಳುತ್ತದೆ. ತಗಡು ದಾಟುವಲ್ಲಿ ರಬ್ಬರ್ ಬುಶ್ ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚೇ ಗರಗಸ. ಸೈಲೆನ್ಸರ್ ಪೈಪಿನ ಹತ್ತಿರ ಸುಳಿಯಬಾರದು. ನೈಲಾನ್ ಪೈಪು ಹಾಕುವುದಾದರೆ ಆಯಿಲಿಗೆಂದೇ ಮಾಡಿದ್ದನ್ನು ಹಾಕಿ, ನೀರಿನ ಫಿಲ್ಟರಿನ ಪೈಪು ಅಲ್ಲ. ಇಂಜಿನ್ ಕಡೆಯ ಜೋಡಣೆಯಲ್ಲಿ ಸೂಜಿ ತೂರುವಷ್ಟೇ ಕಿಂಡಿ ಇರುವ ಅಡಾಪ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಪೈಪ್ ಒಡೆದರೂ ಆಯಿಲ್ ಚಿಮ್ಮುವುದಿಲ್ಲ, ಒಸರುತ್ತದೆ. ಇಷ್ಟು ಮಾಡಲಿಕ್ಕೆ ಅರ್ಧ ದಿನ ಬೇಕು. ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತೇನೆ ಅನ್ನುವ ಮಿಸ್ತ್ರಿ ಸಿಕ್ಕರೆ ಒಂದು ಚಹಾ ಕುಡಿಸಿ ಕಳಿಸಿಬಿಡಿ.

ಆಯಿಲಿಗೆ ಪೈಪು ಅಂದವನು ಹೀಟಿಗೆ ಯಾಕೆ ವಯರು ಅನ್ನುತ್ತೇನೆ? ಕಾರಣ ಇದೆ. ಪೈಪಿನ ಹೀಟ್ ಮೀಟರಿನಲ್ಲಿ ನೀರಿನೊಳಗೆ ಮುಳುಗಿರುವ ಒಂದು ಬುಡ್ಡಿ ಇರುತ್ತದೆ. ಅದರೊಳಗೆ ಈಥರಿನಂಥ ಬೇಗ ಆವಿಯಾಗುವ ದ್ರವ. ಬಿಸಿಯಾದ ಹಾಗೆ ಆವಿಯ ಒತ್ತಡ ಏರಿ, ಕೂದಲಿನಂಥ ಕೊಳವೆಯ ಮೂಲಕ ಅದೇ ಬೋರ್ಡೋನ್ ಸುರುಳಿಯನ್ನು ಬಿಚ್ಚುತ್ತದೆ. ಕೆಲಸ ಬಹಳ ಚೆಂದ. ಕೆಳಗಿನ ಅಂಕಿಗಳು ಒತ್ತೊತ್ತಾಗಿ, ಮೇಲಿನವು ದೂರದೂರ ಇರುತ್ತವೆ. ಅಂದರೆ ಎಲ್ಲಿ ಸರಿಯಾಗಿ ಕಾಣಬೇಕೋ ಅಲ್ಲೇ ಸರಿಯಾಗಿ ಕಾಣುತ್ತದೆ. ಆದರೆ ಬುಡ್ಡಿ, ಕೊಳವೆ, ಮೀಟರು ಮೂರೂ ಒಂದೇ ಜೀವ. ಕೊಳವೆ ಒಂದು ಕಡೆ ಮಡಚಿ ಸೀಳಿದರೆ ಒಳಗಿನದು ಹಾರಿಹೋಗುತ್ತದೆ. ಅದನ್ನು ಮತ್ತೆ ತುಂಬುವ ಕೈ ಔರಾದಿನಲ್ಲಿ ಇಲ್ಲ, ಬೀದರಿನಲ್ಲೂ ನಾನು ಕಂಡಿಲ್ಲ. ಇಂಜಿನ್ ಇಳಿಸುವಾಗ ಮಿಸ್ತ್ರಿಯ ಹುಡುಗ ಒಮ್ಮೆ ಜಗ್ಗಿದರೆ ಮುಗಿಯಿತು, ಪೂರ್ತಿ ಮೀಟರೇ ಹೊಸದು. ವಯರಿನದಾದರೆ ಸೆನ್ಸರ್ ಕೆಟ್ಟರೆ ಸೆನ್ಸರ್, ವಯರ್ ಕೆಟ್ಟರೆ ವಯರ್. ಊರಲ್ಲೇ ಆಗುತ್ತದೆ.

ಕೆಟ್ಟಾಗ ಹೇಳುವ ಸುಳ್ಳಿನಲ್ಲಿ ಇಬ್ಬರೂ ಸಮ ಅನ್ನುವುದು ಇನ್ನೊಂದು ಕಾರಣ. ಕೊಳವೆ ಒಡೆದರೂ ಮುಳ್ಳು ತಂಪಿಗೆ ಬೀಳುತ್ತದೆ, ಸಾಮಾನ್ಯ ವಯರಿನ ಮೀಟರಿನಲ್ಲಿ ವಯರು ಕಿತ್ತರೂ ತಂಪಿಗೇ ಬೀಳುತ್ತದೆ. ಹೀಟ್ ಮೀಟರಿನಲ್ಲಿ ತಂಪು ಅಂದರೆ ಎಲ್ಲ ಕ್ಷೇಮ ಅಂತ ಅರ್ಥ! ಆದ್ದರಿಂದ ಇಲ್ಲಿ ಕಾಯಬೇಕಾದವನು ಡ್ರೈವರೇ. ಸಂತಪುರ ದಾಟುವಷ್ಟರಲ್ಲಿ ಮುಳ್ಳು ದಿನಾ ಎಲ್ಲಿಗೆ ಬಂದು ನಿಲ್ಲುತ್ತದೋ ಇವತ್ತೂ ಅಲ್ಲಿಗೆ ಬರಬೇಕು. ಬರಲಿಲ್ಲವೆಂದರೆ ತಂಪಾಗಿದೆ ಅಂತ ಖುಷಿಪಡದೆ ಗಾಡಿ ನಿಲ್ಲಿಸಬೇಕು. ನನ್ನ ಷರತ್ತು ಅಂದೆನಲ್ಲ, ಅದು ಹೀಗಿದೆ: ಇಂಜಿನ್ ಬ್ಲಾಕಿನಿಂದ ಮೀಟರಿನ ಹಿಂಭಾಗಕ್ಕೆ ಬೇರೆಯದೇ ಒಂದು ಅರ್ತ್ ವಯರು ಎಳೆಸಬೇಕು, ಬಾಡಿಯ ತುಕ್ಕನ್ನು ನಂಬಬಾರದು. ಮೀಟರೂ ಸೆನ್ಸರೂ ಒಂದೇ ಕಂಪನಿಯ ಜೋಡಿಯಾಗಿರಬೇಕು. ಒಂದು ಕಂಪನಿಯ ಸೆನ್ಸರಿನ ಓಮ್ ಲೆಕ್ಕ ಇನ್ನೊಂದರ ಮೀಟರಿಗೆ ಕೂಡುವುದಿಲ್ಲ. ಅದು ಮರಾಠಿಯಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಕೊಟ್ಟ ಹಾಗೆ. ನಮ್ಮ ಗಡಿಯಲ್ಲಿ ಅದು ನಡೆಯುತ್ತದೆ, ಮೀಟರಿನಲ್ಲಿ ನಡೆಯುವುದಿಲ್ಲ. ಲಾರಿಯ 24 ವೋಲ್ಟಿನ ಮೀಟರನ್ನು 12 ವೋಲ್ಟಿನ ಜೀಪಿಗೆ ಕೂಡಿಸುವ ಮಹಾನುಭಾವರೂ ಇದ್ದಾರೆ.

ಎರಡಕ್ಕೂ ಸೇರಿದ ಒಂದು ದೊಡ್ಡ ಕುರುಡು ಇದೆ, ಇದನ್ನು ಪ್ರತಿಯೊಬ್ಬ ಡ್ರೈವರಿಗೂ ಹೇಳಿಡಿ. ಬುಡ್ಡಿಯಾಗಲಿ ಸೆನ್ಸರಾಗಲಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಹೋಸ್ ಪೈಪು ಒಡೆದು ನೀರೆಲ್ಲ ಒಮ್ಮೆಲೇ ಹೋದರೆ ಅದು ಬರೀ ಗಾಳಿಯಲ್ಲಿ ಇರುತ್ತದೆ. ಹೆಡ್ಡು ಸುಡುತ್ತಿರುತ್ತದೆ, ಮುಳ್ಳು ಕೆಳಗೆ ಇಳಿಯುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮೇಲಿದ್ದ ಮುಳ್ಳು ಏಕಾಏಕಿ ಕೆಳಗೆ ಬಂದರೆ ಅದು ತಂಪಲ್ಲ, ಬರ.

ಹೊಸ ಹೀಟ್ ಮೀಟರು ನಿಜ ಹೇಳುತ್ತದೋ ಇಲ್ಲವೋ ಪರೀಕ್ಷೆ ಮಾಡುವುದು ಸುಲಭ. ಕೂಡಿಸುವ ಮೊದಲು ಚಹಾ ಪಾತ್ರೆಯಲ್ಲಿ ನೀರು ಕುದಿಸಿ ಬುಡ್ಡಿಯನ್ನು ಅದರಲ್ಲಿ ಅದ್ದಿ. ಸೆನ್ಸರಾದರೆ ತಾತ್ಕಾಲಿಕವಾಗಿ ಬ್ಯಾಟರಿ, ಮೀಟರು, ಅರ್ತ್ ಜೋಡಿಸಿಕೊಂಡು ಅದ್ದಬೇಕು, ವಯರಿನ ತುದಿ ನೀರಿಗೆ ತಾಗಬಾರದು. ಬೀದರ್ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಮೇಲಿದೆ, ಇಲ್ಲಿ ನೀರು 100ಕ್ಕಲ್ಲ, ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಮುಳ್ಳು ಅಲ್ಲಿಗೆ ಬಂದರೆ ಮೀಟರು ಪಾಸು. ಗಾಡಿಯಲ್ಲಿ ಮಾತ್ರ ಈ ಲೆಕ್ಕ ಬೇರೆ. ರೇಡಿಯೇಟರಿನ ಮುಚ್ಚಳ 7 ಪೌಂಡಿನದಾಗಿದ್ದು ಅದರ ರಬ್ಬರ್ ಸರಿ ಇದ್ದರೆ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಮುಚ್ಚಳ ಸೋತಿದ್ದರೆ 98ಕ್ಕೇ ಉಕ್ಕುತ್ತದೆ. ಎಷ್ಟೋ ಜನ ಮೀಟರು, ಥರ್ಮೋಸ್ಟಾಟ್, ಪಂಪು ಎಲ್ಲ ಬದಲಿಸಿ ಕೊನೆಗೆ ಆ ಮುಚ್ಚಳಕ್ಕೆ ಬರುತ್ತಾರೆ.

ಆಂಪಿಯರ್ ಮೀಟರಿನ ಮಾತಿಗೆ ಬರೋಣ. ಹಳೆ ಜೀಪು, ಟ್ರ್ಯಾಕ್ಟರುಗಳಲ್ಲಿ ಇದು ಗೌರವದ ಜಾಗದಲ್ಲಿ ಕೂತಿರುತ್ತದೆ. ಆದರೆ ಗಾಡಿಯ ಚಾರ್ಜಿಂಗ್ ಕರೆಂಟು ಇದರ ಹೊಟ್ಟೆಯೊಳಗಿಂದಲೇ ಹಾದು ಹೋಗಬೇಕು. ಆ ಕಾಲಕ್ಕೆ ಡೈನಮೋ ಇತ್ತು, ಕರೆಂಟು ಸ್ವಲ್ಪವೇ ಹುಟ್ಟುತ್ತಿತ್ತು, ನಡೆಯುತ್ತಿತ್ತು. ಈಗ ಅದೇ ಗಾಡಿಗೆ ದೊಡ್ಡ ಆಲ್ಟರ್ನೇಟರ್ ಹಾಕಿ, ನಾಲ್ಕು ಫೋಕಸ್ ಲೈಟು, ಮದುವೆ ಹಾಡಿಗೆ ಆಂಪ್ಲಿಫಯರ್ ಹಾಕಿದ್ದೇವೆ. ಮೀಟರು ಮಾತ್ರ 30 ಆಂಪಿಯರಿನದೇ. ಅದರ ಹಿಂದಿನ ನಟ್ಟು ಒಂದು ಸಡಿಲಾದರೆ ಕಾದು, ಸುತ್ತಲಿನ ವಯರಿನ ಮೇಲ್ಪದರ ಕರಗಿ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ. ಇದರ ಬದಲು ವೋಲ್ಟ್ ಮೀಟರು ಹಾಕಿ. ಒಂದು ಫ್ಯೂಸು, ಎರಡು ತೆಳು ವಯರು, ಮುಗಿಯಿತು. ನಿಂತಾಗ 12.6ರ ಆಸುಪಾಸು, ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಎಲ್ಲ ಸರಿ. ಹಿರಿಯರ ನೆನಪಿಗೆ ಆ ಹಳೆ ಮೀಟರು ಅಲ್ಲೇ ಇರಬೇಕೆಂದರೆ ಇರಲಿ ಬಿಡಿ, ವಯರು ಮಾತ್ರ ಅದರಿಂದ ಬಿಡಿಸಿ, ಎರಡೂ ತುದಿಯನ್ನು ಹೊರಗೇ ಗಟ್ಟಿಯಾಗಿ ಜೋಡಿಸಿ.

ಸ್ಪೀಡೋಮೀಟರಿನ ಬಗ್ಗೆ ಆಯ್ಕೆಯ ಮಾತೇ ಇಲ್ಲ, ಕೇಬಲ್ ಇದ್ದರೆ ಕೇಬಲ್ಲೇ ಇರಲಿ. ಕಾನೂನಿಗೂ ಬೇಕಾದ ಮೀಟರು ಅದು, ಹಳೆ ಗಾಡಿಯ ತಪಾಸಣೆಗೆ ಹೋದಾಗ ನೆನಪಿರಲಿ. ವರ್ಷಕ್ಕೊಮ್ಮೆ ಒಳಗಿನ ಸರಿಗೆ ಎಳೆದು ಗ್ರೀಸ್ ಹಚ್ಚಿದರೆ ಬಹಳ ವರ್ಷ ಬಾಳುತ್ತದೆ.

ಇತ್ತೀಚೆಗೆ ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುವ ಬಣ್ಣಬಣ್ಣದ ಡಿಜಿಟಲ್ ಮೀಟರುಗಳನ್ನು ನಮ್ಮ ಹುಡುಗರು ತರಿಸುತ್ತಿದ್ದಾರೆ. ಏಳು ಬಣ್ಣದಲ್ಲಿ ಹೊಳೆಯುತ್ತವಂತೆ. ಮೇಲೆ ಟಾರ್ಪಾಲಿನ್, ಪಕ್ಕದಲ್ಲಿ ಬಾಗಿಲಿಲ್ಲದ ಜೀಪಿನಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದರೆ ಏಳರಲ್ಲಿ ಒಂದು ಬಣ್ಣವೂ ಕಾಣಿಸುವುದಿಲ್ಲ. ಮುಳ್ಳಿಗೆ ಇರುವ ಅನುಕೂಲ ಅಂಕಿಗಿಲ್ಲ. ಮುಳ್ಳನ್ನು ಓದಬೇಕಿಲ್ಲ, ಕಣ್ಣಂಚಿನಲ್ಲೇ ವಾಲಿದ್ದು ಗೊತ್ತಾಗುತ್ತದೆ. ನಮ್ಮ ದೇಶದಲ್ಲೇ ಒಳ್ಳೆ ಮೀಟರು ಮಾಡುವವರಿದ್ದಾರೆ. ಕೊಯಮತ್ತೂರಿನ ಪ್ರಿಕಾಲ್ 1975ರಿಂದ ಇದೇ ಕೆಲಸ ಮಾಡುತ್ತಿದೆ. ಹೈದರಾಬಾದಿಗೆ ಹೋದಾಗ ರಾಣಿಗಂಜಿನಲ್ಲಿ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಹಳೆ ಮೀಟರನ್ನೂ, ಇಂಜಿನ್ ಕಡೆಯ ನಿಪ್ಪಲನ್ನೂ ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಏಕೆಂದರೆ ಅಮೆರಿಕದ ಚೂಡಿ ಇಂಚಿಗೆ 27, ಇಂಗ್ಲೆಂಡಿನದು 28. ನೋಡಲಿಕ್ಕೆ ಅವಳಿಜವಳಿ. ತಪ್ಪಾದದ್ದು ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಆಗ ಉದ್ದ ಪಾನಾ ಹಾಕಿ ಒತ್ತುವವರಿಂದಲೇ ಬ್ಲಾಕಿನ ಚೂಡಿ ಹಾಳಾಗುವುದು.

ಡೀಸೆಲ್ ಮೀಟರಿನ ಬಗ್ಗೆ ಏನೂ ಹೇಳಲಿಲ್ಲ ಅಂತ ಕೇಳುತ್ತೀರೇನೋ. ಅದು ಮೊದಲಿನಿಂದಲೂ ವಯರಿನದೇ, ಟ್ಯಾಂಕಿನಲ್ಲಿ ತೇಲುವ ಡಬ್ಬಿ ಏರಿಳಿದ ಹಾಗೆ ಮುಳ್ಳು ಆಡುತ್ತದೆ. ನಮ್ಮ ಕಡೆಯ ಹಳೆ ಜೀಪುಗಳಲ್ಲಿ ಅದು ಸರಿಯಾಗಿ ನಡೆಯುತ್ತಿರುವುದನ್ನು ನಾನು ಕಂಡದ್ದು ಕಡಿಮೆ. ಸೀಟಿನ ಕೆಳಗೆ ಒಂದು ಬಿದಿರು ಕಡ್ಡಿ ಇಟ್ಟಿರುತ್ತಾರೆ, ಐದು ಲೀಟರಿಗೊಂದು ಗೀರು ಹಾಕಿದ್ದು. ಅದಕ್ಕಿಂತ ಒಳ್ಳೆಯ ಮೆಕ್ಯಾನಿಕಲ್ ಮೀಟರು ನನಗೆ ಗೊತ್ತಿಲ್ಲ.